ಬಾಟಲಿ ಒಡೆದ ಮೇಲಿನ ಎರಡನೆಯ ರಾತ್ರಿ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಮತ್ತು ಕನ್ನಡದಲ್ಲಿ ಚಿತ್ರಕಥೆ ಬರೆಯುವ ಎಲ್ಲರಿಗೆ,

ಮಾನ್ಯರೇ,

ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಹಳ್ಳಿಯವಳು. 31 ವರ್ಷ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. 1956ರ ನವೆಂಬರ್ 1ರಿಂದ ನಮ್ಮ ನೆಲ ಕೇರಳದಲ್ಲಿರುವುದರಿಂದ, ಬೆಂಗಳೂರಿನಲ್ಲಿರುವ ನಿಮಗೆ ಪತ್ರ ಬರೆಯಲು ಇವಳಿಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ನಿಮ್ಮ ರಾಜ್ಯದ ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ, ನಿಜ. ಆದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಕನ್ನಡ ಚಿತ್ರಗಳಿಗೆ ಟಿಕೆಟು ಕೊಂಡವರ ಲೆಕ್ಕದಲ್ಲಿ ನಾವು ಹಿಂದಿನಿಂದಲೂ ಇದ್ದೇವೆ, ಈಗ ಮೊಬೈಲಿನಲ್ಲಿ ನೋಡುವವರ ಲೆಕ್ಕದಲ್ಲಿಯೂ ಇದ್ದೇವೆ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ವಿಷಯ ಇಷ್ಟೆ: ನಮ್ಮ ಚಿತ್ರಗಳು ಕುಡಿತವನ್ನು, ಅದಕ್ಕಿಂತ ಹೆಚ್ಚಾಗಿ ಕುಡಿತ ಬಿಡುವುದನ್ನು, ತೋರಿಸುವ ರೀತಿ. ತೆರೆಯ ಮೇಲೆ ಯಾರೂ ಕುಡಿಯಲೇಬಾರದು ಎಂದು ಕೇಳುವವಳು ನಾನಲ್ಲ; ಊರಿನಲ್ಲಿ ಇರುವುದು ಸಿನಿಮಾದಲ್ಲಿಯೂ ಇರುತ್ತದೆ. ಎಣ್ಣೆ ಹಾಡುಗಳ ಬಗ್ಗೆ ದೂರುವವರು ಬೇಕಾದಷ್ಟು ಜನ ಇದ್ದಾರೆ, ಅವರ ಸಾಲಿಗೆ ನಾನು ಸೇರಬೇಕಾಗಿಲ್ಲ. ನನ್ನ ದೂರು ಬೇರೆ. ಮನುಷ್ಯ ಬೀಳುವುದನ್ನು ನೀವು ಎರಡು ಗಂಟೆ ತೋರಿಸುತ್ತೀರಿ, ಏಳುವುದನ್ನು ಎರಡು ನಿಮಿಷದಲ್ಲಿ ಮುಗಿಸುತ್ತೀರಿ, ಮತ್ತು ಆ ಎರಡು ನಿಮಿಷದಲ್ಲಿ ತೋರಿಸುವುದನ್ನು ಮನೆಯಲ್ಲಿ ಯಾರಾದರೂ ಹಾಗೆಯೇ ಮಾಡಿದರೆ ಜೀವಕ್ಕೆ ಅಪಾಯ.

ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ನನ್ನ ತಮ್ಮನಿಗೆ ಅಡಿಕೆ ತೋಟವಿದೆ. ಅವನು ಹದಿನೈದು ವರ್ಷ ದಿನವೂ ಕುಡಿಯುತ್ತಿದ್ದ. ಕೊನೆಕೊನೆಗೆ ಬೆಳಿಗ್ಗೆ ಒಂದಿಷ್ಟು ಒಳಗೆ ಹೋಗದಿದ್ದರೆ ಚಹಾದ ಲೋಟ ಬಾಯಿಯವರೆಗೆ ಬರುತ್ತಿರಲಿಲ್ಲ. 2013ರ ಆಟಿ ತಿಂಗಳಲ್ಲಿ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಟಿವಿಯಲ್ಲಿ ಹಳೆಯ ಕನ್ನಡ ಚಿತ್ರವೊಂದು ಬರುತ್ತಿತ್ತು. ನಾಯಕ ತಾಯಿಯ ಫೋಟೋದ ಮುಂದೆ ಬಾಟಲಿ ಒಡೆದು, ತನ್ನನ್ನು ಕೋಣೆಯಲ್ಲಿ ಕೂಡಿಹಾಕಿ ಎಂದು ಗೆಳೆಯನಿಗೆ ಹೇಳಿ, ಒಂದು ಹಾಡು ಮುಗಿಯುವಷ್ಟರಲ್ಲಿ ಗಡ್ಡ ಬೋಳಿಸಿ ಬಿಳಿ ಅಂಗಿ ತೊಟ್ಟು ಹೊರಗೆ ಬಂದ. ತಮ್ಮ ಅದನ್ನು ಕೊನೆಯವರೆಗೆ ನೋಡಿದ. ಮಾರನೆಯ ದಿನ ಬೆಳಿಗ್ಗೆ, ಇದ್ದ ಎರಡು ಬಾಟಲಿಗಳನ್ನು ತೋಟದ ಕಣಿಗೆ ಸುರಿದು, ‘ಅಕ್ಕಾ, ಇನ್ನು ಇಲ್ಲ’ ಎಂದ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನೂ ನಂಬಿದೆ, ಮೂರು ದಶಕ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ ನಾನೂ ನಂಬಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆ ದಿನ ಸಂಜೆಗೆ ಕೈ ನಡುಗಿತು, ಅಂಗಿ ಬೆವರಿನಿಂದ ಒದ್ದೆಯಾಯಿತು. ಬಿಟ್ಟದ್ದರ ಗುಣ ಎಂದುಕೊಂಡೆವು. ಎರಡನೆಯ ರಾತ್ರಿ ಅವನು ಕಂಬಳಿಯ ಮೇಲಿನಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಆಮೇಲೆ ಹಾಸಿಗೆಯಲ್ಲಿ ಎದ್ದು ಕುಳಿತು ಎರಡೂ ಕೈಗಳಿಂದ ಮದ್ದು ಬಿಡುವ ಪಂಪನ್ನು ಹಿಂದೆ ಮುಂದೆ ಆಡಿಸುವಂತೆ ಗಾಳಿಯಲ್ಲಿ ಆಡಿಸುತ್ತ, ಮೇಲೆ ಕಂಗಿನ (ಅಡಿಕೆ ಮರದ) ತಲೆಯಲ್ಲಿ ಯಾರೋ ಇರುವಂತೆ ‘ಪೈಪು ಬಿಗಿ ಹಿಡಿ’ ಎಂದು ಕೂಗುತ್ತಿದ್ದ. ತೀರಿಹೋಗಿ ಒಂಬತ್ತು ವರ್ಷವಾಗಿದ್ದ ಅಪ್ಪನೊಡನೆ ಮೈಲುತುತ್ತಿನ ಲೆಕ್ಕ ಮಾತಾಡಿದ. ಅಮ್ಮನಿಗೆ ಅದು ದೈವದ ಉಪದ್ರವೆಂದು ಕಂಡಿತು. ಬೆಳಗಾದ ಕೂಡಲೇ ಜೋಯಿಸರಲ್ಲಿ ಪ್ರಶ್ನೆ ಇಡಿಸಬೇಕೆಂದರು. ಬೆಳಗಾಗುವ ಮೊದಲೇ ಫಿಟ್ಸ್ ಬಂತು, ನಾಲಗೆ ಕಚ್ಚಿಕೊಂಡ, ನೆರೆಮನೆಯವರ ಜೀಪಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ವೈದ್ಯರು ನಾಡಿ ಹಿಡಿಯುತ್ತಲೇ ಕೇಳಿದ ಮೊದಲ ಪ್ರಶ್ನೆ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬುದು. ಎರಡು ದಿನವಾಯಿತು ಎಂದಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು.

ವೈದ್ಯರು ಅಂದು ವಿವರಿಸಿದ್ದನ್ನು ಚಿತ್ರಕಥೆಗಾರರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತೇನೆ. ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ವರ್ಷಗಟ್ಟಲೆ ದಿನವೂ ಅದು ಬೀಳುತ್ತಿದ್ದರೆ ಮಿದುಳು ಆ ಒತ್ತಡಕ್ಕೆ ಎದುರಾಗಿ ತನ್ನ ವೇಗವನ್ನು ಏರಿಸಿಕೊಂಡೇ ಬದುಕಲು ಕಲಿಯುತ್ತದೆ. ಒಂದು ದಿನ ಒತ್ತಡವನ್ನು ಥಟ್ಟನೆ ತೆಗೆದರೆ ಏರಿದ ವೇಗ ಹಾಗೆಯೇ ಉಳಿದು ದೇಹ ಹತೋಟಿ ತಪ್ಪುತ್ತದೆ. ಸಾಮಾನ್ಯವಾಗಿ 6ರಿಂದ 24 ಗಂಟೆಗಳಲ್ಲಿ ನಡುಕ ಮತ್ತು ಬೆವರು, ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಎರಡನೆಯ ಮೂರನೆಯ ದಿನಗಳಲ್ಲಿ ಸನ್ನಿ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಸನ್ನಿ ಹಿಡಿದವರಿಗೆ ಚಿಕಿತ್ಸೆ ಸಿಗದಿದ್ದರೆ ಸಾಯುವವರೂ ಇದ್ದಾರೆ. ಗಾಳಿಯಲ್ಲಿ ಪಂಪು ಆಡಿಸಿದ್ದು ಕೂಡ ವೈದ್ಯರಿಗೆ ಹೊಸದಲ್ಲ. ಸನ್ನಿಯಲ್ಲಿ ಮನುಷ್ಯನ ಕೈ ತನ್ನ ಕಸುಬನ್ನು ಮಾಡುತ್ತಲೇ ಇರುತ್ತದಂತೆ. ಆಸ್ಪತ್ರೆಯಲ್ಲಿ ಗ್ಲೂಕೋಸಿಗೆ ಮೊದಲು ಥಯಾಮಿನ್ ಎಂಬ ಬಿ1 ವಿಟಮಿನ್ನಿನ ಇಂಜೆಕ್ಷನ್ ಕೊಟ್ಟರು, ನಡುಕಕ್ಕೆ ಮಾತ್ರೆ ಕೊಟ್ಟು ಅದನ್ನು ಕೆಲವು ದಿನಗಳಲ್ಲಿ ಹಂತಹಂತವಾಗಿ ಇಳಿಸಿದರು. ದಿನವೂ ತುಂಬಾ ಕುಡಿಯುವವನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು ಎಂಬ ಒಂದು ವಾಕ್ಯವನ್ನು ನಾನು ಆವರೆಗೆ ಯಾವ ಕನ್ನಡ ಚಿತ್ರದಲ್ಲಿಯೂ ಕೇಳಿರಲಿಲ್ಲ.

ಸನ್ನಿಯನ್ನು ತೆರೆಯ ಮೇಲೆ ತೋರಿಸಲು ಸಾಧ್ಯವಿಲ್ಲ ಎಂದೇನೂ ಅಲ್ಲ. ಬಿಲ್ಲಿ ವೈಲ್ಡರ್ ಅವರ ‘ದಿ ಲಾಸ್ಟ್ ವೀಕೆಂಡ್’ 1945ರಲ್ಲಿಯೇ ಅದನ್ನು ತೋರಿಸಿತ್ತು. ಅಕ್ಕನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿಕೊಟ್ಟಾಗ, ಗೋಡೆಯ ಬಿರುಕಿನಿಂದ ಇಲಿಯೊಂದು ಇಣುಕುವ, ಬಾವಲಿಯೊಂದು ಅದರ ಮೇಲೆರಗುವ ದೃಶ್ಯ ಬರುತ್ತಲೇ ನನಗೆ ಕಂಬಳಿಯ ಇರುವೆಗಳು ನೆನಪಾಗಿ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಇಷ್ಟು ಪ್ರಾಮಾಣಿಕವಾದ ಚಿತ್ರವೂ ಕೊನೆಯಲ್ಲಿ ಎಡವುತ್ತದೆ: ನಾಯಕ ವಿಸ್ಕಿಯ ಗ್ಲಾಸಿಗೆ ಸಿಗರೇಟನ್ನು ಹಾಕಿ, ಇನ್ನು ಕುಡಿಯದೆ ಕಾದಂಬರಿ ಬರೆಯುತ್ತೇನೆ ಎಂದು ಹೊರಡುವಲ್ಲಿಗೆ ಕಥೆ ಮುಗಿಯುತ್ತದೆ. ಆಸ್ಕರ್ ಬಂದ ಚಿತ್ರಕ್ಕೇ ಸಂಕಲ್ಪದ ಮೋಹ ಬಿಡಲಿಲ್ಲವಾದರೆ ನಮ್ಮವರನ್ನು ಮಾತ್ರ ದೂರುವುದು ಸರಿಯಲ್ಲವೇನೋ. ಆದರೂ ಎಂಬತ್ತು ವರ್ಷ ಕಳೆದಿದೆ.

ತಮ್ಮನ ಕಥೆ ಆಸ್ಪತ್ರೆಯಲ್ಲಿಯೂ ಮುಗಿಯಲಿಲ್ಲ. ಹತ್ತು ತಿಂಗಳು ಮುಟ್ಟದೆ ಇದ್ದವನು 2014ರ ಮೇ ತಿಂಗಳಲ್ಲಿ ಬಂಧುಗಳ ಮನೆಯ ಮದುವೆಯ ಮುಂಚಿನ ಮೆಹಂದಿ ರಾತ್ರಿಯಲ್ಲಿ ‘ಒಂದೇ ಒಂದು’ ಎಂದು ಯಾರೋ ಕೊಟ್ಟದ್ದನ್ನು ಕುಡಿದ. (ನಮ್ಮ ಕಡೆ ಮೆಹಂದಿ ಎಂದರೆ ಕೈಗೆ ಹಚ್ಚುವುದಕ್ಕಿಂತ ಹೆಚ್ಚು ಗಂಟಲಿಗೆ ಇಳಿಯುವ ಕಾರ್ಯಕ್ರಮವಾಗಿಬಿಟ್ಟಿದೆ.) ನಾವು ಅವನನ್ನು ನಂಬಿಕೆದ್ರೋಹಿಯಂತೆ ನೋಡಿದೆವು. ಅಮ್ಮ ಎರಡು ತಿಂಗಳು ಅವನಿಗೆ ಊಟ ಬಡಿಸಲಿಲ್ಲ. ಹಾಗೆ ನೋಡಲು ನಮಗೆ ಕಲಿಸಿದ್ದು ಯಾರು ಎಂದು ಆಮೇಲೆ ಯೋಚಿಸಿದ್ದೇನೆ. ಸಿನಿಮಾದಲ್ಲಿ ಮರಳಿ ಕುಡಿದವನು ಅಮ್ಮನ ಆಣೆ ಮುರಿದವನು. ಅವನಿಗೆ ಮುಂದಿನ ದೃಶ್ಯದಲ್ಲಿ ಅಪಘಾತ ಇಲ್ಲವೇ ಸಾವು. ಸಕ್ಕರೆ ಕಾಯಿಲೆಯವನ ಸಕ್ಕರೆ ಮತ್ತೆ ಏರಿದರೆ ಮಾತ್ರೆ ಬದಲಿಸುವ ನಾವು, ಕುಡಿತದ ಕಾಯಿಲೆ ಮರುಕಳಿಸಿದರೆ ಮನುಷ್ಯನನ್ನೇ ಬಿಟ್ಟುಬಿಡುತ್ತೇವೆ. ಮರುಕಳಿಕೆ ಈ ಕಾಯಿಲೆಯ ಸ್ವಭಾವದಲ್ಲೇ ಇದೆ, ಅದು ಬಂದಾಗ ಮಾಡಬೇಕಾದದ್ದು ಮತ್ತೆ ಚಿಕಿತ್ಸೆಗೆ ಕರೆದೊಯ್ಯುವುದು ಎಂದು ತಿಳಿಯಲು ನಮಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅವನು ಕುಡಿದ.

ಅದೇ 2014ರಲ್ಲಿ ಕೇರಳ ಸರಕಾರ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರುಗಳನ್ನು ಮುಚ್ಚಿಸುವ ನೀತಿ ತಂದಿತು. ದೂರದ ಊರುಗಳಲ್ಲಿ ಅದರಿಂದ ಏನು ಒಳ್ಳೆಯದಾಯಿತೋ ನಾನು ಹೇಳಲಾರೆ. ತಲಪಾಡಿಯ ಆಚೆಗೆ ಕರ್ನಾಟಕವಿರುವ ನಮ್ಮೂರಲ್ಲಿ ತಮ್ಮ ಬಾರಿಗೆ ಹೋಗುವ ಬದಲು ಬಸ್ಸು ಹತ್ತಿದ. ತಿಂಗಳ 1ನೇ ತಾರೀಕು ಕೇರಳದಲ್ಲಿ ಮದ್ಯದಂಗಡಿಗಳಿಗೆ ರಜೆ, ಆ ದಿನವೂ ಹಾಗೆಯೇ. ಕರ್ನಾಟಕದ ಮದ್ಯದ ಪ್ಯಾಕೆಟುಗಳನ್ನು ಅಬಕಾರಿಯವರು ಗಡಿಯಲ್ಲಿ ಹಿಡಿದ ಸುದ್ದಿ ಇಲ್ಲಿನ ಪತ್ರಿಕೆಗಳಿಗೆ ಹೊಸದಲ್ಲ. ಇದನ್ನು ಏಕೆ ಹೇಳಿದೆನೆಂದರೆ, ಕನ್ನಡದಲ್ಲಿ ಕುಡಿತದ ವಿರುದ್ಧ ಬಂದ ಚಿತ್ರ ಎಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು 1992ರ ‘ಜೀವನ ಚೈತ್ರ’. ಡಾ. ರಾಜ್‌ಕುಮಾರ್ ಅವರು ಹಳ್ಳಿಯ ಮದ್ಯದಂಗಡಿಯ ವಿರುದ್ಧ ನಿಂತದ್ದನ್ನು ನೋಡಿ ಥಿಯೇಟರಿನಲ್ಲಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು, ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ. ಆದರೆ ಗಡಂಗು ಮುಚ್ಚಿದ ಸಂಜೆ, ಅಲ್ಲಿ ದಿನವೂ ಕುಡಿಯುತ್ತಿದ್ದವನು ಮನೆಗೆ ಬಂದು ಏನು ಮಾಡಿದ, ಅವನ ಕೈ ನಡುಗಿತೇ, ಅವನ ಹೆಂಡತಿ ಯಾರನ್ನು ಕೂಗಿದಳು ಎಂಬ ಕಥೆ ಬೇರೆಯೇ ಆಗಿದೆ. ಅದನ್ನು ಬರೆಯುವ ಕೆಲಸ ಇನ್ನೂ ಬಾಕಿ ಇದೆ.

2016ರ ದೀಪಾವಳಿಯ ನಂತರ ತಮ್ಮ ಮುಟ್ಟಿಲ್ಲ. ಆದದ್ದು ಹೇಗೆ ಎಂದು ಕೇಳಿದರೆ ಹೇಳಲು ಒಂದು ದೊಡ್ಡ ಘಟನೆ ನನ್ನ ಬಳಿ ಇಲ್ಲ. ಎರಡನೆಯ ಸಲದ ಚಿಕಿತ್ಸೆ, ಮಾತ್ರೆ, ತಿಂಗಳಿಗೊಮ್ಮೆ ವೈದ್ಯರ ಭೇಟಿ, ವಾರಕ್ಕೊಮ್ಮೆ ಇವನಂತೆಯೇ ಬಿಟ್ಟವರ ಸಭೆ. ಕಷ್ಟದ ಹೊತ್ತು ಸಂಜೆ ಆರೂವರೆಯಿಂದ ಎಂಟೂವರೆ. ಆ ಎರಡು ಗಂಟೆ ಅವನು ಚಾವಡಿಯಲ್ಲಿ ಕುಳಿತು ಚಾಲಿ ಅಡಿಕೆ ಸುಲಿಯುತ್ತಾನೆ. ಸುಲಿಯುವ ಆಳುಗಳಿಗೆ ಕೊಟ್ಟು ಮಾಡಿಸಬಹುದಾದ ಕೆಲಸ, ಆದರೂ ತನ್ನ ಪಾಲಿನ ಒಂದು ಬುಟ್ಟಿಯನ್ನು ತಾನೇ ಸುಲಿಯಬೇಕು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಹಗ್ಗ ಹೊಸೆಯುತ್ತಾನೆ. ಚಹಾವನ್ನು ಸ್ಟೀಲಿನ ಲೋಟದಲ್ಲಿಯೇ ಕೊಡಬೇಕು. ಗಾಜಿನ ಲೋಟದಲ್ಲಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಕಾರಣ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಪೇಟೆಗೆ ಹೋಗುವಾಗ ಒಂದು ತಿರುವನ್ನು ತಪ್ಪಿಸಲು ಅರ್ಧ ಕಿಲೋಮೀಟರು ಸುತ್ತು ಬರುತ್ತಾನೆ. ಇದರಲ್ಲಿ ಸಿನಿಮಾಕ್ಕೆ ಬೇಕಾದದ್ದು ಏನಿದೆ ಎಂದು ನೀವು ಕೇಳಬಹುದು. ಒಂದು ಗಾಜಿನ ಲೋಟವನ್ನು ಮುಂದಿಟ್ಟು ಒಬ್ಬ ಒಳ್ಳೆಯ ನಟನನ್ನು ಕೂರಿಸಿ ನೋಡಿ. ಬಾಟಲಿ ಒಡೆಯುವ ದೃಶ್ಯ ಅದರ ಮುಂದೆ ಮಕ್ಕಳ ಆಟ.

ಸಂಜೆ ಟಿವಿಯಲ್ಲಿ ಚಿತ್ರ ಬರುತ್ತಿರುವಾಗ ಕುಡಿಯುವ ದೃಶ್ಯ ಬಂದರೆ ತಮ್ಮ ಎದ್ದು ಜಗಲಿಗೆ ಹೋಗುತ್ತಾನೆ. ಕುಡುಕನನ್ನು ನೋಡಿ ಅವನಿಗೆ ಕಷ್ಟವಾಗುವುದಿಲ್ಲ. ಮುಚ್ಚಳ ತಿರುಗುವ ಕಿರುಗುಟ್ಟು, ಮಂಜುಗಡ್ಡೆಯ ಸದ್ದು, ಗ್ಲಾಸು ತುಂಬುವುದನ್ನು ಹತ್ತಿರದಿಂದ ಹಿಡಿದ ಚಿತ್ರ, ಇವೇ ಅವನನ್ನು ಎಬ್ಬಿಸುವುದು. ವ್ಯಸನ ಬಿಟ್ಟವರಲ್ಲಿ ಇಂಥ ಕುರುಹುಗಳು ಬಯಕೆಯನ್ನು ಎಬ್ಬಿಸುತ್ತವೆ ಎಂಬುದು ಈ ಕ್ಷೇತ್ರದ ವೈದ್ಯರೆಲ್ಲ ಬಲ್ಲ ವಿಷಯ. ಆ ಹೊತ್ತಿಗೆ ತೆರೆಯ ಮೂಲೆಯಲ್ಲಿ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಸಾಲು ಇರುತ್ತದೆ. ಹಾನಿಕರ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇ?

ತಂಬಾಕಿನ ವಿಷಯದಲ್ಲಿ 2012ರ ಅಕ್ಟೋಬರ್ 2ರಿಂದ ಕಟ್ಟುನಿಟ್ಟಿನ ನಿಯಮಗಳಿವೆ: ಆರಂಭದಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ಆರೋಗ್ಯ ಸಂದೇಶ, ಸೇದುವ ದೃಶ್ಯದ ಕೆಳಗೆ ಎಚ್ಚರಿಕೆ, 2023ರ ಸೆಪ್ಟೆಂಬರ್ 1ರಿಂದ ಓಟಿಟಿಗೂ ಇದು ಬಂದಿದೆ. ಮದ್ಯಕ್ಕೆ ಅಷ್ಟು ವಿವರವಾದ ನಿಯಮವಿಲ್ಲ. ಚಲನಚಿತ್ರ ಪ್ರಮಾಣೀಕರಣ (ಸೆನ್ಸಾರ್) ಮಂಡಳಿಗೆ ಕೇಂದ್ರ ಸರಕಾರ 1991ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಕುಡಿತವನ್ನು ಸಮರ್ಥಿಸುವ ಅಥವಾ ವೈಭವೀಕರಿಸುವ ದೃಶ್ಯಗಳಿರಬಾರದು ಎಂದಿದೆ. ವೈಭವೀಕರಣವೆಂದರೆ ಖಳನಾಯಕನ ಪಾರ್ಟಿ ಎಂದೇ ಎಲ್ಲರೂ ಓದಿಕೊಂಡಂತಿದೆ. ಪ್ರೀತಿಯಲ್ಲಿ ಸೋತವನ ಕುಡಿತವನ್ನು ತಪಸ್ಸಿನಂತೆ ತೋರಿಸುವುದು, ಬರಿಯ ಮನೋಬಲದಿಂದ ರಾತ್ರಿ ಬೆಳಗಾಗುವುದರೊಳಗೆ ಬಿಟ್ಟುಬಿಡುವುದನ್ನು ಗಂಡಸುತನವೆಂದು ತೋರಿಸುವುದು, ಇವೂ ವೈಭವೀಕರಣವೇ ಎಂದು ನನ್ನ ಅಭಿಪ್ರಾಯ.

ಈಗ ಗಡಿನಾಡಿನವಳಾಗಿ ಹೇಳಬೇಕಾದ ಮಾತು. ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಯೋಜನೆ 2016ರಿಂದ ನಡೆಯುತ್ತಿದೆ, ಒಳ್ಳೆಯ ಕೆಲಸ. ಆದರೆ ನಮ್ಮ ಕೈಗೆ ಬಂದ ಕರಪತ್ರ, ಕೇಳಿದ ಭಾಷಣ, ಸಮಾಲೋಚಕರ ಮಾತು ಎಲ್ಲವೂ ಮಲಯಾಳದಲ್ಲಿಯೇ ಇದ್ದವು. ತಮ್ಮನಿಗೆ ಮಲಯಾಳ ಬರುತ್ತದೆ, ಸಂತೆಯ ವ್ಯವಹಾರಕ್ಕೆ ಸಾಕಾಗುವಷ್ಟು ಚೆನ್ನಾಗಿಯೇ ಬರುತ್ತದೆ. ಅಪ್ಪನ ಪೆಟ್ಟಿಗೆಯಿಂದ ಹಣ ಕದ್ದದ್ದನ್ನು, ಮಗಳ ಫೀಸಿನ ದುಡ್ಡನ್ನು ಕುಡಿದದ್ದನ್ನು ಹೇಳಿಕೊಳ್ಳಲು ಆ ಮಲಯಾಳ ಸಾಲಲಿಲ್ಲ. ಅದಕ್ಕೇ ನಾವು ಮಂಗಳೂರಿಗೆ ಅಲೆದದ್ದು. ಹೀಗಿರುವಾಗ, ವ್ಯಸನದ ಬಗ್ಗೆ ಕನ್ನಡದಲ್ಲಿ ನಮ್ಮ ಮನೆಯೊಳಗೆ ಬರುವ ಮಾತು ಬಹುಪಾಲು ಸಿನಿಮಾದ್ದೇ. ಆ ಸಿನಿಮಾ ನಮಗೆ ಕೊಟ್ಟ ಶಬ್ದಗಳನ್ನು ನೋಡಿ: ಕುಡುಕ, ಎಣ್ಣೆ ಗಿರಾಕಿ, ಚಟ. ಚಟ ಎಂದರೆ ಮನಸ್ಸು ಮಾಡಿದರೆ ಬಿಡಬಹುದಾದದ್ದು, ಬಿಡದಿದ್ದರೆ ಅವನ ಕೊಬ್ಬು ಎಂಬ ಅರ್ಥ ಆ ಶಬ್ದದ ಬಾಲದಲ್ಲಿಯೇ ಅಂಟಿಕೊಂಡಿದೆ. ಆಸ್ಪತ್ರೆಯ ಚೀಟಿಯಲ್ಲಿ ‘ಮದ್ಯ ಅವಲಂಬನೆ’ ಎಂಬ ಅರ್ಥದ ಇಂಗ್ಲಿಷ್ ಪದವಿತ್ತು. ಅದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನು ‘ಕಾಯಿಲೆ’ ಎಂದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ‘ಕಾಯಿಲೆಯಾದರೆ ಮದ್ದು ಇರಬೇಕಲ್ಲ’ ಎಂದರು. ಮರುದಿನ ಅವನಿಗೆ ಊಟ ಬಡಿಸಿದರು.

ಸಿನಿಮಾ ಕಲಿಸಿದ ಮದ್ದುಗಳೂ ಇವೆ. ಒಂದು, ಮದುವೆ ಮಾಡಿಸುವುದು. ನಮ್ಮ ಬಂಧುಗಳ ಪೈಕಿ ಒಬ್ಬನಿಗೆ ಹಾಗೆ ಮಾಡಿಸಿ, ಏನೂ ತಿಳಿಯದ ಒಂದು ಹುಡುಗಿಯ ಬಾಳು ಹದಗೆಟ್ಟಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಇನ್ನೊಂದು, ಹೆಂಡತಿ ಗುಟ್ಟಾಗಿ ಸಾರಿಗೆ ಪುಡಿ ಬೆರೆಸುವುದು. ತೆರೆಯ ಮೇಲೆ ಅದು ನಗೆಯ ಪ್ರಸಂಗ. ಡೈಸಲ್ಫಿರಾಮ್ ಎಂಬ ಮಾತ್ರೆ ನಿಜವಾಗಿಯೂ ಇದೆ, ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದಲೇ ತೆಗೆದುಕೊಳ್ಳುವವನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ, ವೈದ್ಯರ ನಿಗಾದಲ್ಲಿ ಕೊಡುವ ಮದ್ದು ಅದು. ಮೂರನೆಯದು ಕಟ್ಟಿಹಾಕುವ, ಹೊಡೆಯುವ ‘ಕೇಂದ್ರ’. ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಸ್ಥಿತಿಗಳೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಯಲ್ಲಿವೆ, ಆ ಕಾಯ್ದೆ ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ. ಹಾಸ್ಯಕ್ಕಾಗಿ ಅಂಥ ದೃಶ್ಯ ಬರೆಯುವವರು ಅಪರಾಧವೊಂದನ್ನು ಚಿಕಿತ್ಸೆಯೆಂದು ತೋರಿಸುತ್ತಿದ್ದಾರೆ.

ನೆರೆಯವರನ್ನು ನೋಡಿ ಕಲಿಯಬಹುದಾದದ್ದೂ ಇದೆ. ಕಣ್ಣೂರಿನವರೊಬ್ಬರ ಬದುಕನ್ನು ಆಧರಿಸಿ 2021ರಲ್ಲಿ ಬಂದ ಮಲಯಾಳದ ‘ವೆಳ್ಳಂ’ ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು ನೋಡಿದ ಚಿತ್ರ. ಜಯಸೂರ್ಯ ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ತಂದ ಪಾತ್ರ. ಊರು ಒಬ್ಬ ಕುಡುಕನನ್ನು ನಗೆಗೀಡು ಮಾಡುವುದು, ಅವನ ಮನೆಯವರು ತಲೆತಗ್ಗಿಸುವುದು, ಚಿಕಿತ್ಸೆಯ ಮೆಟ್ಟಿಲು ಹತ್ತುವುದು, ಎಲ್ಲ ಅದರಲ್ಲಿದೆ. ಬಿಟ್ಟವನು ಮುಂದೆ ಉದ್ಯಮದಲ್ಲಿ ಗೆದ್ದದ್ದೂ ಇದೆ. ಅದನ್ನು ನೋಡಿ ತಮ್ಮ ನಕ್ಕು, ‘ನಾನು ಬಿಟ್ಟು ಏನಾದೆ? ಆಳುಗಳ ಸಂಬಳ ಶನಿವಾರಕ್ಕೆ ಸರಿಯಾಗಿ ಕೊಡುವವನಾದೆ’ ಎಂದ. ಅಷ್ಟನ್ನೇ ಗೆಲುವೆಂದು ತೋರಿಸುವ ಚಿತ್ರ ಕನ್ನಡದಲ್ಲಿ ಬರಲಿ ಎಂಬುದು ನನ್ನ ಆಸೆ.

ಅಕಾಡೆಮಿಯನ್ನು ನಾನು ಕೇಳುವುದು ಹೆಚ್ಚಿನದೇನಲ್ಲ. ಬೆಂಗಳೂರಿನಲ್ಲಿಯೇ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಚಿತ್ರಕಥೆ ಬರೆಯುವ ಹೊಸಬರನ್ನು ಎರಡು ದಿನ ಅಲ್ಲಿನ ವೈದ್ಯರೊಡನೆ, ಮತ್ತು ಒಪ್ಪಿ ಬರುವ, ಕುಡಿತ ಬಿಟ್ಟು ಬದುಕುತ್ತಿರುವವರೊಡನೆ ಕೂರಿಸುವ ಒಂದು ಕಮ್ಮಟ ಏರ್ಪಡಿಸಿ. ಕುಡಿತ ಅಥವಾ ಮಾದಕ ವಸ್ತು ಕಥೆಯ ಮುಖ್ಯ ಭಾಗವಾಗಿರುವ ಚಿತ್ರಗಳ ಕೊನೆಯಲ್ಲಿ, ಹಾನಿಕರ ಎಂಬ ಸಾಲಿನ ಜತೆಗೆ, ಯಾರಿಗೆ ಫೋನು ಮಾಡಬೇಕೆಂಬುದನ್ನೂ ತೋರಿಸುವಂತೆ ನಿರ್ಮಾಪಕರಿಗೆ ಹೇಳಿ: ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡನೆಯದರಲ್ಲಿ ಕನ್ನಡದಲ್ಲಿ ಮಾತಾಡಬಹುದು, ಗಡಿಯ ಈಚೆಗಿರುವ ನಮಗೆ ಅದು ಸಣ್ಣ ವಿಷಯವಲ್ಲ. ಆ ಬರಹ ಓದಲು ಬೇಕಾದಷ್ಟು ಹೊತ್ತು ತೆರೆಯ ಮೇಲೆ ನಿಲ್ಲಲಿ. ಇನ್ನು ಚಿತ್ರಕಥೆಗಾರರಲ್ಲಿ ಒಂದೇ ವಿನಂತಿ: ಬಾಟಲಿ ಒಡೆಯುವ ದೃಶ್ಯವನ್ನು ಬಿಡಲಾಗದಿದ್ದರೆ ಬರೆಯಿರಿ, ಆದರೆ ಎರಡನೆಯ ರಾತ್ರಿಯನ್ನೂ ಬರೆಯಿರಿ, ಮತ್ತು ಆ ರಾತ್ರಿ ಮನೆಯವರಲ್ಲಿ ಯಾರಾದರೂ ಒಬ್ಬರು ಆಸ್ಪತ್ರೆಗೆ ಹೋಗೋಣ ಎನ್ನಲಿ.

ಈ ಪತ್ರವನ್ನು ಕಳಿಸುವ ಮೊದಲು ತಮ್ಮನಿಗೆ ಓದಿ ಹೇಳಿದ್ದೇನೆ. ಹೆಸರು ಬೇಡ ಎಂದ. ಪಂಪಿನ ವಿಷಯ ಬರೆದದ್ದಕ್ಕೆ ಸ್ವಲ್ಪ ನಾಚಿದ, ತೆಗೆಯಬೇಕೇ ಎಂದು ಕೇಳಿದಾಗ, ಇರಲಿ ಎಂದು ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಗ ಗಂಟೆ ಏಳಾಗಿತ್ತು.

ಇತಿ,
ನಿವೃತ್ತ ಕನ್ನಡ ಶಾಲಾ ಶಿಕ್ಷಕಿ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ